ಅಕ್ಕನನ್ನು ಅಳಿಸಲು ತಂದ ಪುಸ್ತಕಗಳು

ನಮ್ಮ ಅಕ್ಕ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಇಪ್ಪತ್ತೆರಡು ವರ್ಷಗಳಿಂದ ಅವಳು ಅತಿ ಹೆಚ್ಚು ಆಡಿರುವ ಮಾತುಗಳು ಮೂರು: "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ." ನಾಲ್ಕನೆಯದೂ ಒಂದಿದೆ. ಚಿತ್ರ ತೆಗೆದಾದ ಮೇಲೆ ರೋಗಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಸುಮ್ಮನೆ ಕೇಳಿದವರ ಹಾಗೆ, "ಏನಾದ್ರೂ ಕಾಣ್ಸುತ್ತಾ ಮೇಡಂ?" ಎಂದು ಕೇಳಿಯೇ ಕೇಳುತ್ತಾರೆ. ಆಗ "ಡಾಕ್ಟರ್ ಹೇಳ್ತಾರೆ" ಎನ್ನಬೇಕು. ಮುಖದ ಒಂದು ಗೆರೆಯೂ ಅಲ್ಲಾಡಬಾರದು. ಕಂಡದ್ದನ್ನು ಹೇಳುವ ಹಕ್ಕು ಚಿತ್ರ ತೆಗೆದವರಿಗಿಲ್ಲ, ಅದನ್ನು ಓದುವ ಡಾಕ್ಟರಿಗೆ ಮಾತ್ರ. ಅಕ್ಕ ಈ ನಿಯಮವನ್ನು ಒಮ್ಮೆಯೂ ಮುರಿದವಳಲ್ಲ, ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಇತ್ತು.

ಭಾವ ಬೀಗ ರಿಪೇರಿಯವರು. ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ರಸ್ತೆಯಲ್ಲಿ. ಶ್ವಾಸಕೋಶದಲ್ಲಿ ಗಡ್ಡೆಯಿದೆ ಎಂದು ತಿಳಿದ ಏಳನೇ ವಾರಕ್ಕೆ ಹೋಗಿಬಿಟ್ಟರು. ಮಕ್ಕಳಿಲ್ಲ. ಮನೆಯಲ್ಲಿ ಉಳಿದವರು ಅಕ್ಕ ಮತ್ತು ಅವಳ ಅತ್ತೆ, ಅಂದರೆ ಭಾವನ ತಾಯಿ. ನಾನೂ ಅವರನ್ನು ಅತ್ತೆ ಎಂದೇ ಕರೆಯುತ್ತೇನೆ. ಅತ್ತೆಗೆ ಒಬ್ಬ ಮಗಳಿದ್ದಾಳೆ, ಎರಡು ಗಂಟೆ ರೈಲಿನ ದೂರದಲ್ಲಿ. ಅವಳು ಬಂದು ಬಂದು "ಅಮ್ಮಾ, ಬಾ ನಮ್ಮನೆಗೆ" ಎಂದು ಕರೆಯುತ್ತಲೇ ಇದ್ದಳು. ಅತ್ತೆ ಹೋಗಲಿಲ್ಲ. ಹೋಗಿದ್ದರೆ ಆ ಮನೆಯಲ್ಲಿ ಅಕ್ಕ ಒಬ್ಬಳೇ.

ಅಕ್ಕ ಮುಂದಿನ ವಾರವೇ ಕೆಲಸಕ್ಕೆ ಹೊರಟಳು. ಬಸ್ಸು ತಪ್ಪಿಸಲಿಲ್ಲ, ಊಟ ಬಿಡಲಿಲ್ಲ, ಯಾರು ಬಂದರೂ ಟೀ ಕೊಟ್ಟು ಮಾತಾಡಿಸಿದಳು. ಅಳಲಿಲ್ಲ, ಅಷ್ಟೇ. ಒಂದು ಬೆಳಿಗ್ಗೆ ನನ್ನೆದುರಿಗೇ ಇಸ್ತ್ರಿಪೆಟ್ಟಿಗೆಗೆ ಬೆರಳು ತಾಗಿ ಚರ್ಮ ಕೆಂಪಾಯಿತು. ಅವಳು ಬೆರಳನ್ನು ನೋಡಿ "ಓ, ಬಿಸಿ ಇದೆ" ಎಂದಳು. ಅಯ್ಯೋ ಎನ್ನಬೇಡವೇ ಮನುಷ್ಯರಾದವರು? ನನಗೆ ಸಿಟ್ಟೇ ಬಂತು. ಎಂಟು ತಿಂಗಳು ಹೀಗೆಯೇ ಕಳೆದವು. ಅವಳ ಮಾತು, ನಡಿಗೆ, ನಗು ಎಲ್ಲ ಇದ್ದ ಹಾಗೇ ಇದ್ದವು, ಒಳಗೆ ಯಾರೂ ಇದ್ದಂತಿರಲಿಲ್ಲ.

ನಾನು ಒಂದು ಹೈಸ್ಕೂಲಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಅಲ್ಲಿ ಕಿಟಕಿಯ ಪಕ್ಕ ಒಂದು ಕಪಾಟಿದೆ, ಜಪಾನಿನಿಂದ ಅನುವಾದವಾಗಿ ಬರುವ ಲೈಟ್ ನಾವೆಲ್‌ಗಳದ್ದು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ಮೊದಲ ನಾಲ್ಕು ಪುಟ ಬಣ್ಣದ ಚಿತ್ರ, ದೊಡ್ಡ ಕಣ್ಣಿನ ಹುಡುಗಿ, ಗಾಳಿಗೆ ಹಾರುವ ಕೂದಲು. ಹೆಸರು ಎಷ್ಟು ಉದ್ದವೆಂದರೆ ಅದನ್ನು ರಿಜಿಸ್ಟರಿನಲ್ಲಿ ಬರೆಯುವಷ್ಟರಲ್ಲಿ ಅರ್ಧ ಕಥೆ ಗೊತ್ತಾಗಿರುತ್ತದೆ. ಪ್ರೀತಿ, ಆಮೇಲೆ ಸಾವು. ಒಂಬತ್ತನೇ ತರಗತಿಯ ಹುಡುಗಿಯರು ಸಾಲುಗಟ್ಟಿ ಒಯ್ಯುತ್ತಾರೆ, ಮೂಗು ಎಳೆಯುತ್ತ ವಾಪಸ್ ತರುತ್ತಾರೆ. ಕೊನೆಯ ಪುಟಗಳು ಒದ್ದೆಯಾಗಿ ಒಣಗಿ ಸೊಟ್ಟಗಾಗಿರುತ್ತವೆ. ಅವುಗಳನ್ನು ದಪ್ಪ ನಿಘಂಟುಗಳ ಕೆಳಗಿಟ್ಟು ಚಪ್ಪಟೆ ಮಾಡುವುದೂ ನನ್ನ ಕೆಲಸವೇ. ಒಂದು ದಿನ ಹಾಗೆ ಚಪ್ಪಟೆ ಮಾಡುತ್ತಿದ್ದಾಗ ನನಗೆ ಹೊಳೆಯಿತು, ಇಷ್ಟು ಜನರನ್ನು ಅಳಿಸುವ ಪುಸ್ತಕ ನಮ್ಮಕ್ಕನನ್ನು ಅಳಿಸದೇ ಇರುತ್ತದೆಯೇ?

ಎರಡು ಪುಸ್ತಕ ಒಯ್ದುಕೊಟ್ಟೆ. ಕಾರಣ ಹೇಳಲಿಲ್ಲ. ಅವಳು ನಾಲ್ಕು ದಿನಕ್ಕೆ ವಾಪಸ್ ಕೊಟ್ಟಳು. ಕೊನೆಯ ಪುಟಗಳನ್ನು ತಿರುವಿ ನೋಡಿದೆ. ಹೊಸ ನೋಟಿನ ಹಾಗಿದ್ದವು.

"ಹೇಗಿತ್ತು?" ಎಂದೆ.

"ಈ ಹುಡುಗಿಗೆ ಯಾವ ಕಾಯಿಲೆ ಅಂತ ಎಲ್ಲೂ ಬರೆದಿಲ್ಲ ಕಣೇ. ಒಂದು ಸಲನೂ ಕೆಮ್ಮಲ್ಲ, ವಾಂತಿ ಇಲ್ಲ, ಕಾಲು ಊದಲ್ಲ. ಐಸ್‌ಕ್ರೀಂ ತಿಂತಾ ಮುನ್ನೂರು ಪುಟ ಓಡಾಡ್ತಾಳೆ, ಆಮೇಲೆ ಸೀದಾ ಹೋಗ್ಬಿಡ್ತಾಳೆ. ಇವರ ಆಸ್ಪತ್ರೇಲಿ ಒಂದು ಎಕ್ಸ್‌ರೇ ಆದ್ರೂ ತೆಗೀತಾರಾ?"

"ಅಕ್ಕಾ, ಅದು ಕಥೆ."

"ಗೊತ್ತು. ಮತ್ತೆ ಇದ್ದರೆ ಕೊಡು."

ಅವಳು ಕೇಳಿದಳಲ್ಲ, ಅದೇ ನನಗೆ ಆಶ್ಚರ್ಯ. ಆಮೇಲೆ ಪ್ರತಿ ವಾರ ಎರಡೆರಡು ಒಯ್ಯುತ್ತಿದ್ದೆ. ಅವಳು ಬಸ್ಸಿನಲ್ಲಿ ಓದುತ್ತಿದ್ದಳು, ಎರಡು ರೋಗಿಗಳ ನಡುವೆ ಬಿಡುವಾದಾಗ ಕಿರಣ ತಡೆಯುವ ಸೀಸದ ಗಾಜಿನ ಹಿಂದೆ ಕೂತು ಓದುತ್ತಿದ್ದಳು. ಪ್ರತಿ ಬಾರಿಯೂ ಒಂದು ತಕರಾರಿನ ಜೊತೆ ವಾಪಸ್ ಬರುತ್ತಿತ್ತು. ರಾತ್ರಿ ಮಲಗಿದರೆ ಬೆಳಿಗ್ಗೆಗೆ ನೆನಪೆಲ್ಲ ಅಳಿಸಿಹೋಗುವ ಹುಡುಗಿಯ ಕಥೆಗೆ, "ಮರೆಯೋದು ಕಾಯಿಲೆ ಅಂತಾರೆ ಇವರು" ಎಂದಳು. ಕಥೆ ಮುಗಿದ ಮೇಲೆ ಲೇಖಕರ ಎರಡು ಪುಟದ ಮಾತಿರುತ್ತದೆ, ಚಿತ್ರ ಬರೆದವರಿಗೂ ಸಂಪಾದಕರಿಗೂ ವಂದನೆ. "ಹುಡುಗೀನ ಸಾಯಿಸಿ ಕೈ ತೊಳ್ಕೊಂಡು ಎಲ್ಲರಿಗೂ ಥ್ಯಾಂಕ್ಸ್ ಹೇಳ್ತಾರೆ, ಪಾಪ, ಒಳ್ಳೇ ಮನುಷ್ಯರು" ಎಂದಳು. ಇದನ್ನೆಲ್ಲ ನಗದೆ ಹೇಳುತ್ತಿದ್ದಳು. ನಗುತ್ತಿದ್ದವಳು ನಾನು.

ಒಂದು ವಿಷಯ ಮಾತ್ರ ಅವಳಿಗೆ ಹಿಡಿಸಿತ್ತು. ಈ ಪುಸ್ತಕಗಳಲ್ಲಿ ಯಾರಿಗಾದರೂ ಮಾತು ಹೊರಡದಿದ್ದರೆ ಉದ್ಧರಣ ಚಿಹ್ನೆಯೊಳಗೆ ಬರೀ ಚುಕ್ಕಿಗಳಿರುತ್ತವೆ. ಒಂದು ಸಾಲು ಚುಕ್ಕಿ, ಮುಂದಿನವರು ಮಾತಾಡುವುದು, ಮತ್ತೆ ಒಂದು ಸಾಲು ಚುಕ್ಕಿ. "ಸುಮ್ಮನಿರೋದನ್ನೂ ಮಾತು ಅಂತ ಲೆಕ್ಕಕ್ಕೆ ಹಿಡೀತಾರೆ ನೋಡು" ಎಂದು ಆ ಪುಟವನ್ನು ನನಗೆ ತೋರಿಸಿದಳು. ನಾನು ತಲೆಯಾಡಿಸಿದೆ. ಅವಳು ಏನು ಹೇಳುತ್ತಿದ್ದಾಳೆಂದು ಆಗ ನನಗೆ ಗೊತ್ತಾಗಲಿಲ್ಲ.

ಹನ್ನೊಂದನೆಯ ಪುಸ್ತಕವನ್ನು ಅವಳು ವಾಪಸ್ ಕೊಡಲಿಲ್ಲ. ಶನಿವಾರ ಮಧ್ಯಾಹ್ನ ಕೇಳಲು ಹೋದೆ. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಅಕ್ಕ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅದನ್ನೇ ಎರಡನೇ ಸಲ ಓದುತ್ತಿದ್ದಳು. ಆ ಕಥೆಯಲ್ಲಿ ಹುಡುಗಿ ಸಾಯುತ್ತಾಳೆಂದು ಹುಡುಗನಿಗೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಹುಡುಗಿಯ ತಾಯಿಗೂ ಅವನು ಅದನ್ನು ಹೇಳುವುದಿಲ್ಲ. ಹುಡುಗಿ ನಗುತ್ತಿರಲಿ ಎಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳ ಜೊತೆ ಸುತ್ತುತ್ತಾನೆ. ನಮ್ಮ ಶಾಲೆಯ ಹುಡುಗಿಯರು ಈ ಹುಡುಗನ ಮೇಲೆ ಪ್ರಾಣ ಬಿಡುತ್ತಾರೆ.

"ಈ ಪುಸ್ತಕಗಳಲ್ಲಿ ಅಪ್ಪ ಅಮ್ಮ ಯಾವಾಗಲೂ ಮನೇಲಿ ಇರಲ್ಲ. ನೋಡಿದ್ದೀಯಾ?" ಎಂದಳು ಅಕ್ಕ. "ಎಲ್ಲೋ ಕೆಲಸದ ಮೇಲೆ ಹೋಗಿರ್ತಾರೆ. ಸತ್ತ ಮೇಲೆ ಅಮ್ಮ ಬರ್ತಾಳೆ. ಹುಡುಗ ಮನೆಗೆ ಹೋಗ್ತಾನೆ, ಅವನಿಗೆ ಟೀ ಕೊಟ್ಟು, ನನ್ನ ಮಗಳ ಜೊತೆಗಿದ್ಯಲ್ಲ, ನಿನಗೆ ಋಣಿ ಅಂತಾಳೆ. ಎಲ್ಲದರಲ್ಲೂ ಇದೇ."

"ಹೂಂ. ಅಲ್ಲೇ ಎಲ್ಲರೂ ಅಳೋದು."

"ಇವನು ಆ ಟೀ ಕುಡೀತಾನೆ ಕಣೇ. ನಿಮಗಿಂತ ಮೊದಲೇ ನನಗೆ ಗೊತ್ತಿತ್ತು ಅಂತ ಆ ಅಮ್ಮನಿಗೆ ಹೇಳಲ್ಲ. ಟೀ ಕುಡಿದು ಎದ್ದು ಬರ್ತಾನೆ."

ಅವಳು ಪುಸ್ತಕ ಮುಚ್ಚಿಟ್ಟು, ರೋಗಿಗೆ ಗಲ್ಲ ಮೇಲೆತ್ತಿ ಎನ್ನುವ ಅದೇ ಧ್ವನಿಯಲ್ಲಿ, "ನಿಮ್ಮ ಭಾವನ ಎಕ್ಸ್‌ರೇ ತೆಗ್ದಿದ್ದು ನಾನೇ" ಎಂದಳು.

ಶುಕ್ರವಾರ ಸಂಜೆ. ಮೂರು ವಾರದ ಕೆಮ್ಮು ಎಂದು ಭಾವ ಅಂಗಡಿ ಮುಚ್ಚಿ ಅವಳ ಆಸ್ಪತ್ರೆಗೇ ಬಂದಿದ್ದರು. ಗಂಡನೆಂಬ ಸಲಿಗೆಯಲ್ಲಿ ಗೇಲಿ ಮಾಡುತ್ತ, "ಮೇಡಂ, ಅಂಗಿ ಪೂರ್ತಿ ಬಿಚ್ಚಬೇಕಾ?" ಎಂದು ಕೇಳಿದರಂತೆ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ. ಪರದೆಯ ಮೇಲೆ ಚಿತ್ರ ಬಂತು. ಬಲಗಡೆ, ಮೇಲೆ, ನಿಂಬೆಹಣ್ಣಿನಷ್ಟು ಬಿಳಿ. ಇಪ್ಪತ್ತೆರಡು ವರ್ಷ ಚಿತ್ರ ನೋಡಿದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಭಾವ ಗುಂಡಿ ಹಾಕಿಕೊಳ್ಳುತ್ತ "ಏನಾದ್ರೂ ಕಾಣ್ಸುತ್ತಾ?" ಎಂದರು. ಅಕ್ಕ "ಡಾಕ್ಟರ್ ಹೇಳ್ತಾರೆ" ಎಂದಳು.

"ದೊಡ್ಡ ಯೋಚನೆ ಮಾಡಿ ಹೇಳಿದ್ದಲ್ಲ ಕಣೇ. ಅವರು ನಗ್ತಿರ್ಲಿ ಅಂತೆಲ್ಲ ಏನೂ ಇರ್ಲಿಲ್ಲ. ಬಾಯಿಗೆ ಅಭ್ಯಾಸ, ಬಂದ್ಬಿಡ್ತು. ಒಂದು ಸಲ ಬಂದ ಮೇಲೆ ಹಿಂದಕ್ಕೆ ತಗೊಳ್ಳೋಕೆ ಗೊತ್ತಾಗ್ಲಿಲ್ಲ."

ಚಿತ್ರದ ಮೇಲೆ ತುರ್ತು ಎಂದು ಗುರುತು ಹಾಕಿ ಕಳಿಸಿದಳು. ಚಿತ್ರ ಓದುವ ಡಾಕ್ಟರು ಬರುವುದು ಸೋಮವಾರ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ, ಆ ಮನೆಯ ಮೂವರಲ್ಲಿ ಗೊತ್ತಿದ್ದವಳು ಇವಳೊಬ್ಬಳೇ.

ಇಲ್ಲಿ ಅತ್ತೆಯ ಒಂದು ಪದ್ಧತಿಯನ್ನು ಹೇಳಲೇಬೇಕು. ಅತ್ತೆ ಜಗಳವಾಡುವವರಲ್ಲ, ಮಾತು ಬಿಡುವವರು. ಕೋಪ ಬಂದರೆ ಯಾರ ಮೇಲೆ ಕೋಪವೋ ಅವರ ಜೊತೆ ಮಾತು ಬಂದ್. ಆದರೆ ಮನೆ ನಡೆಯಬೇಕಲ್ಲ, ಆದ್ದರಿಂದ ಮೂರನೆಯವರ ಮೂಲಕ ಹೇಳಿ ಕಳಿಸುವುದು. ಎದುರಿಗೇ ಕೂತಿರುವ ಮನುಷ್ಯನಿಗೆ, "ಅವನಿಗೆ ಹೇಳು, ಟೀ ಆರ್ತಿದೆ ಅಂತ." ನಡುವಿನವರು ಅದನ್ನು ದಾಟಿಸಬೇಕು. ಭಾವ ಅದಕ್ಕೆ, "ಅವರಿಗೆ ಹೇಳು, ಸಕ್ಕರೆ ಕಮ್ಮಿ ಅಂತ" ಎನ್ನುವರು. ಭಾವ ಸಣ್ಣವರಿದ್ದಾಗಿನಿಂದ ಆ ಮನೆಯಲ್ಲಿ ಇದೇ ನಡೆದುಬಂದಿದೆ. ಎರಡು ದಿನವೋ ಐದು ದಿನವೋ, ಆಮೇಲೆ ಅತ್ತೆಯೇ ಏನೂ ಆಗದವರಂತೆ ಮಾತು ಶುರುಮಾಡುತ್ತಿದ್ದರು.

ಆ ಗುರುವಾರ ಭಾವ, ಕೂರಲು ಬಾರದ ಒಂದು ಬೆತ್ತದ ಕುರ್ಚಿಯನ್ನು ತಾಯಿಯನ್ನು ಕೇಳದೆ ಗುಜರಿಯವನಿಗೆ ಕೊಟ್ಟಿದ್ದರು. ಮಾತು ಬಂದ್. ಶುಕ್ರವಾರ, ಶನಿವಾರ, ಭಾನುವಾರ ತಾಯಿ ಮಗನ ನಡುವೆ ಮಾತು ಹೊತ್ತವಳು ಅಕ್ಕ. ಟೀ ಆರ್ತಿದೆಯಂತೆ. ಸಕ್ಕರೆ ಕಮ್ಮಿಯಂತೆ. ಬಚ್ಚಲ ಬಾಗಿಲ ಚಿಲಕ ಯಾವಾಗ ಸರಿಮಾಡ್ತೀರಿ ಅಂತ ಕೇಳ್ತಿದ್ದಾರೆ. ಈಗಲೇ ಮಾಡ್ತೀನಿ ಅಂತ ಹೇಳ್ಬೇಕಂತೆ. ಭಾನುವಾರ ಇಡೀ ಮಧ್ಯಾಹ್ನ ಭಾವ ಹಾಡು ಗುನುಗುತ್ತ ಚಿಲಕ ಸರಿಮಾಡಿದರು, ನಡುನಡುವೆ ಕೆಮ್ಮಿದರು. ಅತ್ತೆ ಇನ್ನೊಂದು ಕೋಣೆಯಲ್ಲಿ ಕೂತು, "ಅವನಿಗೆ ಹೇಳು, ಬಿಸಿನೀರು ಕುಡೀಲಿ ಅಂತ" ಎಂದರು.

"ಎಲ್ಲಾ ದಾಟಿಸ್ದೆ" ಎಂದಳು ಅಕ್ಕ. "ಅದೊಂದು ಬಿಟ್ಟು."

ಸೋಮವಾರ ಡಾಕ್ಟರು ಹೇಳಿದರು. ಸಂಜೆ ಅತ್ತೆ ಮಗನ ಕೋಣೆಗೆ ತಾವಾಗಿಯೇ ಹೋಗಿ, "ಟೀ ಕುಡೀತೀಯೇನೋ?" ಎಂದರು. ಭಾವ ನಕ್ಕು, "ಕಾಯಿಲೆ ಬಂದ್ರೆ ಮಾತು ಬರುತ್ತೆ ಅಂತ ಗೊತ್ತಿದ್ರೆ ಮೊದ್ಲೇ ಬರಿಸ್ಕೋತಿದ್ನಲ್ಲಮ್ಮಾ" ಎಂದರು. ತಮಾಷೆಗೆ ಅಂದದ್ದು. ಅತ್ತೆಗೆ ಅದು ಇವತ್ತಿಗೂ ಗಂಟಲಿನಿಂದ ಕೆಳಗಿಳಿದಿಲ್ಲ. ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ, "ಒಂದು ಮುರುಕು ಕುರ್ಚಿಗೋಸ್ಕರ, ಅವನು ಚೆನ್ನಾಗಿದ್ದ ಕೊನೇ ಮೂರು ದಿನ ನಾನು ಅವನ ಜೊತೆ ಮಾತಾಡ್ಲಿಲ್ಲ. ಆಮೇಲೆ ಆಡಿದ್ದೆಲ್ಲ ರೋಗಿ ಜೊತೆ ಆಡಿದ್ದು. ನನಗೇನು ಗೊತ್ತಿತ್ತು? ಯಾರಿಗೇನು ಗೊತ್ತಿತ್ತು?" ಹತ್ತು ತಿಂಗಳಲ್ಲಿ ನಾನೇ ಇದನ್ನು ಇಪ್ಪತ್ತು ಸಲ ಕೇಳಿದ್ದೇನೆ. ಅಷ್ಟೂ ಸಲ ಅಕ್ಕ ಪಕ್ಕದಲ್ಲಿ ನಿಂತು ಟೀ ಬಗ್ಗಿಸುತ್ತಿದ್ದಳು.

"ಅತ್ತೆಗೆ ಹೇಳ್ತೀನಿ" ಎಂದಳು.

"ತಲೆ ಕೆಟ್ಟಿದ್ಯಾ ನಿನಗೆ?" ನಾನು ದನಿ ತಗ್ಗಿಸಿ ರೇಗಿದೆ. "ಈಗ ಹೇಳಿ ಯಾರಿಗೇನು ಸಿಗುತ್ತೆ? ಪೆಟ್ಟಿಗೆ ಕಟ್ಕೊಂಡು ಮಗಳ ಮನೆಗೆ ಹೋಗ್ತಾರೆ ಅಷ್ಟೇ. ಆಮೇಲೆ ಈ ಗೋಡೆಗಳ ಜೊತೆ ಮಾತಾಡ್ಕೊಂಡಿರ್ತೀಯಾ?"

"ಹೋದ್ರೆ ಹೋಗ್ಲಿ. ಅವರ ಕೈಯಿಂದ ಟೀ ಇಸ್ಕೊಂಡು ಕುಡೀತಿದ್ದೀನಲ್ಲ ದಿನಾ, ಅದರ ರುಚಿನೇ ಗೊತ್ತಾಗ್ತಿಲ್ಲ ಕಣೇ ನನಗೆ. ಯಾವುದೂ ಗೊತ್ತಾಗ್ತಿಲ್ಲ."

ಪುಸ್ತಕ ಕೊಟ್ಟವಳು ನಾನು. ಅಳಿಸಲು ಹೋಗಿ ಮನೆ ಒಡೆಯುವ ಕೆಲಸ ಮಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತ ಬಸ್ಸು ಹತ್ತಿದೆ.

ಮರುದಿನ, ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅಕ್ಕ ಹೇಳಿಯೇಬಿಟ್ಟಳಂತೆ. ಪೀಠಿಕೆಯಿಲ್ಲ, ಅಳುವಿಲ್ಲ, ಕ್ಷಮೆ ಕೇಳುವುದೂ ಇಲ್ಲ. ಶುಕ್ರವಾರವೇ ನನಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ. ಅತ್ತೆ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ಹಾಕಿ, ಕೈ ತೊಳೆದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ನನಗೆ ಫೋನು ಬಂತು. ಅತ್ತೆ.

"ನಿಮ್ಮಕ್ಕನಿಗೆ ಹೇಳು, ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕು ಅಂತ."

ನಾನು ಫೋನಿಟ್ಟು ಅಕ್ಕನಿಗೆ ಮಾಡಿದೆ. ಅತ್ತೆಯ ಪಕ್ಕದ ಕೋಣೆಯಲ್ಲೇ ಅವಳು ಅದನ್ನು ಎತ್ತಿದಳು. ಅರ್ಧ ಲೀಟರಂತೆ ಎಂದೆ. "ಅವರಿಗೆ ಹೇಳು, ಆಗ್ಲಿ ಅಂತ" ಎಂದಳು. ಮನೆಯಲ್ಲಿ ಮೂರನೆಯವರೇ ಇಲ್ಲದ್ದರಿಂದ ಒಂಬತ್ತು ದಿನ ನನ್ನ ಫೋನೇ ಆ ಮನೆಯ ನಡುಗೋಡೆಯಾಯಿತು. ಗ್ರಂಥಾಲಯದಲ್ಲಿ ಹುಡುಗಿಯರಿಗೆ ಪುಸ್ತಕ ಕೊಡುತ್ತ, ಉಪ್ಪು ತೀರಿದೆಯಂತೆ, ನಲ್ಲಿ ಸೋರುತ್ತಿದೆಯಂತೆ ಎಂದು ದಾಟಿಸುತ್ತಿದ್ದೆ. ಮೊದಮೊದಲು ನಗು ಬಂತು. ಐದನೇ ದಿನದ ಹೊತ್ತಿಗೆ ಅಕ್ಕ ಆ ಮೂರು ದಿನ ಏನು ಹೊತ್ತಿದ್ದಳೆಂದು ನನ್ನ ನಾಲಿಗೆಗೇ ಗೊತ್ತಾಯಿತು. ಹೇಳಬೇಕಾದ್ದನ್ನು ಬಿಟ್ಟು ಉಪ್ಪು, ನಲ್ಲಿ ಎನ್ನುವುದು ಎಷ್ಟು ಸುಸ್ತಿನ ಕೆಲಸ! ಅತ್ತೆ ಹಿಂದೆಂದೂ ಇಷ್ಟು ದಿನ ಮಾತು ಬಿಟ್ಟವರಲ್ಲ. ಏಳನೇ ದಿನ ಮಗಳ ಮನೆಯ ರೈಲಿನ ಸಮಯ ಕೇಳಿದರು. ನಾನು ಅದನ್ನು ಅಕ್ಕನಿಗೆ ದಾಟಿಸಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಅತ್ತೆ ಶಾಲೆಯ ಗೇಟಿಗೇ ಬಂದು ನಿಂತಿದ್ದರು. ಇಸ್ತ್ರಿ ಮಾಡಿದ ಸೀರೆ, ಕೈಯಲ್ಲಿ ಚೀಲ. ರೈಲಿಗೇ ಹೊರಟರೆಂದುಕೊಂಡೆ.

"ನಡಿ, ನಿಮ್ಮಕ್ಕನ ಆಸ್ಪತ್ರೆಗೆ" ಎಂದರು. "ಅವಳ ಹತ್ರ ಒಂದು ಕೇಳ್ಬೇಕು. ನೀನು ಬೇಕು."

ಅರ್ಧ ದಿನ ರಜೆ ಹಾಕಿ ಹೋದೆ. ಎಕ್ಸ್‌ರೇ ಕೋಣೆಯ ಹೊರಗೆ ಬೆಂಚಿನ ತುಂಬ ಜನ. ಅತ್ತೆ ಯಾರನ್ನೂ ದಾಟಿ ಹೋಗಲಿಲ್ಲ, ಟೋಕನ್ ತೆಗೆದುಕೊಂಡು ಮುಕ್ಕಾಲು ಗಂಟೆ ಕೂತರು. ನಮ್ಮ ಸರದಿ ಬಂದು ಒಳಗೆ ಹೋದಾಗ ಅಕ್ಕ ಚೀಟಿಗೆ ಕೈಚಾಚಿ ತಲೆಯೆತ್ತಿದಳು. ಇಬ್ಬರ ನಡುವೆ ಮೂರು ಅಡಿಯಿತ್ತು. ಆ ಮೂರು ಅಡಿಯಲ್ಲಿ ನಾನು.

"ಅವಳಿಗೆ ಹೇಳು, ನನ್ನ ಮಗನ ಚಿತ್ರ ತೋರಿಸ್ಲಿ ಅಂತ."

"ಅಕ್ಕಾ, ಭಾವನ ಚಿತ್ರ..."

"ಅವರಿಗೆ ಹೇಳು, ನಾವು ತೋರಿಸೋ ಹಾಗಿಲ್ಲ, ಡಾಕ್ಟರ್..." ಎಂದ ಅಕ್ಕ ಅಲ್ಲಿಗೇ ನಿಂತಳು. ಆ ಮಾತನ್ನು ಪೂರ್ತಿ ಮಾಡಲು ಅವಳ ಕೈಲಾಗಲಿಲ್ಲ. ತಿರುಗಿ ಕಂಪ್ಯೂಟರಿನ ಮುಂದೆ ಕೂತು ಹೆಸರು ಹಾಕಿ ಹುಡುಕಿದಳು.

ಪರದೆಯ ಮೇಲೆ ಭಾವನ ಎದೆ ಬಂತು. ನಾನು ಬೇರೆ ಕಡೆ ನೋಡಿದೆ. ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಹತ್ತಿರ ಹೋದರು.

"ಇದೇನು ಅಂತ ಕೇಳು."

"ಪಕ್ಕೆಲುಬು" ಎಂದಳು ಅಕ್ಕ, ನಾನು ಕೇಳುವ ಮೊದಲೇ. "ಇದು ಹೃದಯ. ಸ್ವಲ್ಪ ಎಡಕ್ಕೆ. ಇದು ಕೊರಳಿನ ಮೂಳೆ, ಸಣ್ಣವರಿದ್ದಾಗ ಬಿದ್ದು ಮುರ್ಕೊಂಡಿದ್ದರಲ್ಲ, ಇಲ್ಲಿ ಕೂಡಿಕೊಂಡಿದೆ ನೋಡಿ."

"ಮಾವಿನಮರದಿಂದ ಬಿದ್ದಿದ್ದ" ಎಂದರು ಅತ್ತೆ, ಪರದೆಗೆ.

"ಇದು." ಅಕ್ಕನ ಬೆರಳು ಬಲಗಡೆಯ ಬಿಳಿಯ ಮೇಲೆ ನಿಂತಿತು. ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿದರು. ನನ್ನ ಕಡೆಗಲ್ಲ.

"ಇದನ್ನ ನೋಡ್ದಾಗ ನಿನ್ನ ಜೊತೆ ಯಾರಿದ್ರು?"

ಅಕ್ಕನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಯಾರೂ ಇಲ್ಲ ಅತ್ತೆ. ಅವರು ಅಲ್ಲಿ ನಿಂತು ಅಂಗಿ ಹಾಕ್ಕೋತಿದ್ರು."

"ಆ ಮೂರು ದಿನಾನೂ?"

"ಮೂರು ದಿನಾನೂ."

"ಒಬ್ಬಳೇ ಇಟ್ಕೊಂಡು ನನಗೂ ಅವನಿಗೂ ಮಾತು ಹೊರ್ತಿದ್ಯಾ?" ಅತ್ತೆಯ ಧ್ವನಿ ಒರಟಾಗಿತ್ತು, ಬೈಗುಳದ ಹಾಗೇ ಕೇಳಿಸಿತು. "ನನಗೆ ಹೇಳ್ಬೇಕಿತ್ತು ನೀನು. ಹೇಳ್ಲಿಲ್ಲ, ಅದನ್ನ ನಾನು ಸಾಯೋವರೆಗೂ ಮರೆಯಲ್ಲ. ಆದ್ರೆ ಇಂಥದ್ದನ್ನ ಒಬ್ಬಳೇ ನೋಡೋದಾ? ಹುಚ್ಚಿ!"

ಅಕ್ಕ ರೋಗಿಗಳನ್ನು ಮಲಗಿಸುವ ಮೇಜಿನ ಅಂಚನ್ನು ಹಿಡಿದುಕೊಂಡಳು. ಅವಳ ಬಾಯಿಂದ ಬಂದ ಸದ್ದನ್ನು ನಾನು ಮೊದಲು ಕೆಮ್ಮು ಅಂದುಕೊಂಡೆ. ಅತ್ತೆ ಅವಳನ್ನು ಮೇಜಿನ ಮೇಲೆ ಕೂರಿಸಿ, ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿಕೊಂಡು ನಿಂತರು. ಹತ್ತು ತಿಂಗಳಿನಿಂದ ನಾನು ಕಾದದ್ದು ಇದಕ್ಕೇ. ಎದುರಿಗೆ ಬಂದಾಗ ನನಗೆ ಭಯವಾಯಿತು.

ಹೊರಗಿನಿಂದ ಯಾರೋ ಬಾಗಿಲು ತಟ್ಟಿದರು. ಮತ್ತೆ ತಟ್ಟಿದರು. ಅತ್ತೆ ಅಕ್ಕನ ಕೈಯನ್ನು ನನ್ನ ಕೈಗೆ ಕೊಟ್ಟು, ತಾವೇ ಹೋಗಿ ಬಾಗಿಲು ತೆರೆದು, ಬೆಂಚಿನಲ್ಲಿ ಕೂತವರೆಲ್ಲರಿಗೂ ಕೇಳುವಂತೆ ಹೇಳಿದರು:

"ಸ್ವಲ್ಪ ಹೊತ್ತಾಗುತ್ತೆ, ಕೂತ್ಕೊಳ್ಳಿ. ನನ್ನ ಸೊಸೆ ಅಳ್ತಿದ್ದಾಳೆ."